ನೀಲಿ ಪಟ್ಟಿಯ ಬಾಟಲಿ

ಅವನಿಗೂ ಒಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ವರ್ಷದಿಂದ ಅದು ಇದ್ದೇ ಇತ್ತು. ಆದರೆ ಆ ಪುಸ್ತಕ ಇಟ್ಟುಕೊಂಡ ಗುಮಾಸ್ತನೂ ಕರೆಯುವಾಗ 'ಇಲಿಯಪ್ಪ' ಎಂದೇ ಕರೆಯುತ್ತಿದ್ದ. ಸಂಶೋಧನಾಲಯದ ಹಿಂಭಾಗದಲ್ಲಿ, ಜನರೇಟರ್ ಕೋಣೆ ದಾಟಿದ ಮೇಲೆ, ಕಿಟಕಿಯಿಲ್ಲದ ಉದ್ದನೆಯ ಕಟ್ಟಡವೊಂದಿತ್ತು. ಅದರೊಳಗೆ ನಾನೂರು ಚಿಲ್ಲರೆ ಬಿಳಿ ಇಲಿಗಳು. ಅವಕ್ಕೆ ಹೊತ್ತು ಹೊತ್ತಿಗೆ ಕಾಳು, ಸೋಸಿದ ನೀರು, ಮೆತ್ತನೆಯ ಮರದ ಹೊಟ್ಟು, ಲೆಕ್ಕ ಹಾಕಿ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ.

"ನಮ್ಮನೇಲಿ ಕರೆಂಟ್ ಹೋದ್ರೆ ನಾಯೀನೂ ಮೂಸಲ್ಲ. ಇವಕ್ಕೆ ಹೋದ್ರೆ ಮೂರು ಜನ ಡಾಕ್ಟರು ಓಡಿ ಬರ್ತಾರೆ," ಎಂದು ಇಲಿಯಪ್ಪ ಹೊಸಬರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಇಲಿಗಳಷ್ಟೇ ಹೆಮ್ಮೆ ಅವನ ಮುಖದಲ್ಲೂ ಇರುತ್ತಿತ್ತು.

ಮನುಷ್ಯ ಸಣಕಲು. ಬೆನ್ನು ತುಸು ಬಾಗಿದೆ. ಹೆಗಲ ಮೇಲೆ ಸದಾ ಒಂದು ಕಪ್ಪು ಬಿಳುಪು ಚೌಕಳಿಯ ದೊಡ್ಡ ಟವೆಲ್. ಒದ್ದೆ ಇಲಿ ಒರೆಸಲೆಂದು ಸ್ಟೋರಿನವರು ವರ್ಷಕ್ಕೆ ಒಂದು ಡಜನ್ ಕೊಡುತ್ತಿದ್ದರು. ಹಳೆಯದಾದದ್ದು ಮನೆಗೆ ಬಂದು ಅವನ ಮುಖ ಒರೆಸುತ್ತಿತ್ತು.

"ಇಲಿ ಒರೆಸಿದ್ರಲ್ಲಿ ಮುಖ ಒರೆಸ್ಕೋತೀರಲ್ರೀ," ಎಂದು ಹೆಂಡತಿ ಮೂಗು ಮುರಿದರೆ, "ಅವು ನನಗಿಂತ ಹೆಚ್ಚು ಸಲ ಸ್ನಾನ ಮಾಡ್ತಾವೆ ಕಣೇ," ಎನ್ನುತ್ತಿದ್ದ. ಅದು ನಿಜವೂ ಆಗಿತ್ತು.

ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಆಡಿಕೊಳ್ಳುವುದುಂಟು. ಇಲ್ಲಿ ಮೊದಲೇ ಇಲಿ ಹಿಡಿದುಕೊಂಡು ಆಮೇಲೆ ಬೆಟ್ಟ ಅಗೆಯಲು ಹೊರಡುತ್ತಿದ್ದರು. ಆ ವರ್ಷದ ಬೆಟ್ಟದ ಹೆಸರು ಮರೆವು. ವಯಸ್ಸಾದವರ ಬುದ್ಧಿಯನ್ನು ದಿನಕ್ಕಿಷ್ಟು ಎಂದು ತಿಂದುಹಾಕುವ ಮರೆವಿನ ಕಾಯಿಲೆಗೆ ಒಂದು ಹಳೆಯ ಔಷಧಿ ಇದೆ, ಅದೊಂದೇ ಸಾಲದು. ಒಂದು ವಿಟಮಿನ್ ಇದೆ, ಅದೂ ಒಂಟಿಯಾಗಿ ಸಾಲದು. ಎರಡನ್ನೂ ಕೂಡಿಸಿ ಕೊಟ್ಟರೆ ಕೆಲಸ ಆದೀತು ಎಂಬುದು ದೊಡ್ಡ ಮೇಡಂ ಅವರ ನಂಬಿಕೆ. ದೊಡ್ಡ ಮೇಡಂ ಎಂದರೆ ಆ ವಿಭಾಗದ ಮುಖ್ಯಸ್ಥೆ. ಒಂಟಿಯಾಗಿದ್ದಾಗ ಕೆಲಸಕ್ಕೆ ಬಾರದ ಗಂಡು ಹೆಣ್ಣನ್ನು ಮದುವೆ ಮಾಡಿಸಿದರೆ ಸಂಸಾರ ಸರಿಹೋಗುತ್ತದೆ ಎನ್ನುವ ಹಿರಿಯರ ನಂಬಿಕೆಗೂ ಇದಕ್ಕೂ ಇಲಿಯಪ್ಪನಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಪರೀಕ್ಷೆಯ ಕ್ರಮ ಹೀಗಿತ್ತು. ಚೆನ್ನಾಗಿದ್ದ ಇಲಿಗೆ ಮೊದಲು ಒಂದು ಸೂಜಿ ಚುಚ್ಚಿ ಮರೆವು ತರಿಸುವುದು, ಆಮೇಲೆ ಅದೇ ಮರೆವಿಗೆ ಮದ್ದು ಕೊಡುವುದು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಕೆಲಸ. ಮದ್ದಿಗೆ ನಾಲ್ಕು ಬಾಟಲಿಗಳು. ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ಹಸಿರು, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ. ಒಂದರಲ್ಲಿ ಔಷಧಿ ಮಾತ್ರ, ಒಂದರಲ್ಲಿ ವಿಟಮಿನ್ ಮಾತ್ರ, ಒಂದರಲ್ಲಿ ಎರಡೂ, ಇನ್ನೊಂದರಲ್ಲಿ ಬರೀ ಸಕ್ಕರೆ ನೀರು. ಯಾವ ಬಣ್ಣದಲ್ಲಿ ಯಾವುದು ಎಂದು ಬರೆದ ಚೀಟಿ ಮಾತ್ರ ಅಂಟಿಸಿದ ಲಕೋಟೆಯೊಳಗೆ, ಮೇಡಂ ಅವರ ಕಪಾಟಿನಲ್ಲಿ.

"ಯಾಕಮ್ಮಾ ಇಷ್ಟು ಗುಟ್ಟು?" ಎಂದು ಅವನು ಒಮ್ಮೆ ಕೇಳಿದ್ದ. ಮೇಡಂ ಕೈಕೆಳಗೆ ಓದುತ್ತಿದ್ದ, ದಪ್ಪ ಕನ್ನಡಕದ ಹುಡುಗಿ ಉತ್ತರ ಕೊಟ್ಟಿದ್ದಳು: "ಗೊತ್ತಿದ್ರೆ ನಮ್ಮ ಕಣ್ಣೇ ನಮಗೆ ಸುಳ್ಳು ಹೇಳುತ್ತೆ, ಇಲಿಯಪ್ಪ."

ಕೋಣೆಯ ನಡುವೆ ಒಂದು ದುಂಡನೆಯ ತೊಟ್ಟಿ. ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡಿರುತ್ತಿದ್ದರು. ಅದರೊಳಗೆ ಒಂದು ಕಡೆ, ಬೆರಳಿನಷ್ಟು ಆಳದಲ್ಲಿ, ಕಣ್ಣಿಗೆ ಕಾಣದ ಪುಟ್ಟ ಮಣೆ. ಇಲಿಯನ್ನು ನೀರಿಗೆ ಬಿಟ್ಟರೆ ಅದು ಈಜಿ ಈಜಿ ಮಣೆ ಹುಡುಕಿ ಹತ್ತಬೇಕು. ಮಣೆ ಎಲ್ಲಿತ್ತೆಂದು ನೆನಪಿದ್ದರೆ ನೇರ ಹೋಗುತ್ತದೆ, ಮರೆತಿದ್ದರೆ ಸುತ್ತುತ್ತದೆ. ತೊಟ್ಟಿಯ ಮೇಲೆ ಕ್ಯಾಮೆರಾ. ಪಕ್ಕದ ಕೋಣೆಯಲ್ಲಿ ಕನ್ನಡಕದ ಹುಡುಗಿ ಪರದೆ ನೋಡುತ್ತಾ ಸೆಕೆಂಡು ಎಣಿಸಿ, ಗೋಡೆಯ ಬೋರ್ಡಿನಲ್ಲಿ ಬರೆಯುತ್ತಿದ್ದಳು.

ಬಣ್ಣಗಳ ಸರದಿಯನ್ನು ದಿನಕ್ಕೊಂದು ರೀತಿ ಬದಲಿಸಬೇಕೆಂದು ನಿಯಮದ ಹಾಳೆಯಲ್ಲಿತ್ತು. ಇಲಿಯಪ್ಪ ಮೂವತ್ತೊಂದು ವರ್ಷದಿಂದ ಪಂಜರಗಳನ್ನು ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಇಳಿಸಿಕೊಂಡು ಬಂದವನು. ನಡುವೆ ಬಗ್ಗಿ ಎದ್ದು ಮಾಡಿದರೆ ಬೆನ್ನು ಹಿಡಿಯುತ್ತಿತ್ತು. ಹಾಗಾಗಿ ದಿನವೂ ಮೊದಲು ಕೆಂಪು, ಆಮೇಲೆ ಹಸಿರು, ಹಳದಿ, ಕೊನೆಗೆ ನೀಲಿ. ಹಾಳೆಯಲ್ಲಿ ಮಾತ್ರ ಮೇಡಂ ಮೆಚ್ಚುವಂತೆ ಸರದಿ ಬದಲಾಗುತ್ತಿತ್ತು. ಮೊದಲ ಮೂರು ಬಣ್ಣದವನ್ನು ನೀರಿಗೆ ಬಿಟ್ಟು ಅವನು ಮುಂದಿನ ಪಂಜರಕ್ಕೆ ಓಡುತ್ತಿದ್ದ. ಮೂರು ಗಂಟೆಗೆ ನೀಲಿಯ ಸರದಿ ಬರುವ ಹೊತ್ತಿಗೆ ತರುವುದೇನೂ ಉಳಿದಿರುತ್ತಿರಲಿಲ್ಲ. ಆಗ ಟವೆಲ್ ಬಿಡಿಸಿ ಹಿಡಿದು, ಇಲಿ ಹೊರಬರುವ ಕಡೆ ಆರಾಮವಾಗಿ ನಿಂತು ನೋಡುತ್ತಿದ್ದ. ಹಾಗೆ ನಿಂತು ನೋಡಿದ್ದರಿಂದಲೇ ಅವನ ಬದುಕಿನಲ್ಲಿ ಈ ಕಥೆ ನಡೆಯಿತು.

ಮನೆಯಲ್ಲಿ ಅಕ್ಕ ಇದ್ದಳು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವನಿಗೆ ಎಂಟು, ಅವಳಿಗೆ ಇಪ್ಪತ್ತು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು. ಬೆಳಗಿನ ಪಾಳಿ ಬೇಡಿ ತೆಗೆದುಕೊಂಡು, ಸಂಜೆ ಇವನು ಶಾಲೆಯಿಂದ ಬರುವ ಹೊತ್ತಿಗೆ ಗೇಟಿನಲ್ಲಿ ನಿಂತಿರುತ್ತಿದ್ದಳು. ಹುಡುಗ ಕಾಲುವೆ ಕಡೆ ತಿರುಗದಿರಲಿ ಎಂದು. ಊರಿನ ಅರ್ಧ ಜನರ ನಂಬರು ಅವಳ ನಾಲಿಗೆಯ ಮೇಲಿತ್ತು. ಡೈರೆಕ್ಟರಿ ಯಾಕೆ, ಅಕ್ಕನನ್ನು ಕೇಳಿದರಾಯಿತು ಎನ್ನುತ್ತಿದ್ದರು. ತಮ್ಮನ ಮದುವೆ ಮಾಡಿಸಿದಳು, ತಾನು ಮದುವೆಯಾಗುವುದನ್ನು ಮರೆತಳು. ಅವಳ ಮೊದಲ ಮರೆವು ಅದೇ ಎಂದು ಇಲಿಯಪ್ಪನ ಹೆಂಡತಿ ಹೇಳುತ್ತಿದ್ದಳು. ತಮಾಷೆಗೇ ಹೇಳುತ್ತಿದ್ದಳು, ಆದರೆ ಇಬ್ಬರಿಗೂ ನಗು ಬರುತ್ತಿರಲಿಲ್ಲ.

ಈಗ ಮೊದಲು ಹೋದದ್ದು ನಂಬರುಗಳು. ಆಮೇಲೆ ವಾರದ ದಿನಗಳು. ಆಮೇಲೆ ಚಪ್ಪಲಿ ಫ್ರಿಜ್ಜಿಗೂ ಹಾಲು ಚಪ್ಪಲಿ ಗೂಡಿಗೂ ಹೋದವು. ಒಂದು ಸಂಜೆ ಮೂಲೆ ಅಂಗಡಿಗೆ ಬೆಂಕಿಪೊಟ್ಟಣಕ್ಕೆಂದು ಹೋದವಳು ಎರಡು ಗಂಟೆಯಾದರೂ ಬರಲಿಲ್ಲ. ಕೊನೆಗೆ ಒಬ್ಬ ಪೊಲೀಸಿನವನು ಕೈ ಹಿಡಿದು ಕರೆತಂದ.

"ಅಜ್ಜಿ ಮನೆ ನಂಬರು ಕೇಳಿದ್ರೆ ಟಕ್ ಅಂತ ಹೇಳಿದ್ರು ಸಾರ್. ಫೋನ್ ಮಾಡಿದ್ರೆ ಹೋಗ್ತಾನೇ ಇಲ್ಲ," ಎಂದ. ಅಕ್ಕ ಕೊಟ್ಟದ್ದು ಇಪ್ಪತ್ತು ವರ್ಷದ ಹಿಂದೆ ಮುಚ್ಚಿಹೋದ ಎಕ್ಸ್‌ಚೇಂಜಿನ ನಂಬರು. ಒಂದು ಅಂಕಿಯೂ ತಪ್ಪಿರಲಿಲ್ಲ.

ಆ ಬೀದಿಯಲ್ಲಿ ಯಾರಿಗಾದರೂ ದಾರಿ ತಪ್ಪುವಂತಿತ್ತು. ಇಪ್ಪತ್ತೆರಡು ಮನೆಗಳು, ಎಲ್ಲ ಒಂದೇ ಅಚ್ಚಿನವು. ಒಂದೇ ಬೂದು ಬಣ್ಣ, ಒಂದೇ ಎತ್ತರದ ಗೇಟು.

ಮರುದಿನ ಹೆಂಡತಿ ಒಂದು ಬೀಗ ತಂದು ಕಿಟಕಿಯ ಮೇಲಿಟ್ಟಳು. "ನನಗೂ ಇಷ್ಟ ಇಲ್ಲ ಕಣ್ರೀ. ಆದ್ರೆ ನಾನು ಸ್ನಾನಕ್ಕೆ ಹೋದಾಗ ಅವ್ರು ಹೊರಗೆ ಹೋದ್ರೆ? ಇನ್ನೊಂದು ಸಲ ಕಳೆದುಹೋದ್ರೆ ಬಾಗಿಲಿಗೆ ಬೀಗ ಹಾಕೋದೇ."

ಇಲಿಯಪ್ಪ ಆ ಬೀಗವನ್ನು ನೋಡಿದ. ದಿನಕ್ಕೆ ನಾನೂರು ಪಂಜರಕ್ಕೆ ಚಿಲಕ ಹಾಕುವ ಕೈ ಅವನದು. ಅಕ್ಕನ ಬಾಗಿಲಿಗೂ ಅದೇ ಕೈಯಿಂದ ಹಾಕಬೇಕು ಎಂದು ನೆನೆದಾಗ ಅವನಿಗೆ ಅಳು ಬಂತು, ಅಡುಗೆಮನೆಯಲ್ಲಿ ನಿಂತು ಅತ್ತೇಬಿಟ್ಟ. "ಸ್ವಲ್ಪ ದಿನ ತಡಿ," ಎಂದ. ಅವನ ತಲೆಯಲ್ಲಿ ಆಗಲೇ ನೀಲಿ ಬಣ್ಣ ಈಜುತ್ತಿತ್ತು.

ಬೋರ್ಡಿನ ಲೆಕ್ಕ ಎಲ್ಲರಿಗೂ ಕಾಣುತ್ತಿತ್ತು. ಕೆಂಪು ಇಲಿಗೆ ಐವತ್ತು ಸೆಕೆಂಡು, ಹಸಿರಿಗೆ ನಲವತ್ತೆಂಟು, ಹಳದಿಗೆ ಐವತ್ತೊಂದು. ನೀಲಿಗೆ ಹದಿನೈದು! ನೀರಿಗೆ ಬಿಟ್ಟದ್ದೇ ತಡ, ಸಾಲ ಕೊಟ್ಟವರಂತೆ ನೇರ ಬರುತ್ತಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಲಕೋಟೆ ಒಡೆಯುವ ಅಗತ್ಯವೇ ಇಲ್ಲ. ಔಷಧಿಯೂ ವಿಟಮಿನ್ನೂ ಕೂಡಿದ ಬಾಟಲಿ ನೀಲಿಯೇ ಎಂದು ಅವನು ತೀರ್ಮಾನಿಸಿದ.

ದಿನದ ಕೊನೆಗೆ ಬಾಟಲಿಯಲ್ಲಿ ಉಳಿದದ್ದನ್ನು ಚರಂಡಿಗೆ ಚೆಲ್ಲಿ, 'ಚೆಲ್ಲಲಾಗಿದೆ' ಎಂದು ಬರೆದು ಸಹಿ ಮಾಡಬೇಕು. ಇಲಿಯಪ್ಪ ಮೂವತ್ತೊಂದು ವರ್ಷದಲ್ಲಿ ಒಂದು ಕಾಳನ್ನೂ ಮನೆಗೆ ಒಯ್ದವನಲ್ಲ. ಹಳೇ ಟವೆಲನ್ನೂ ಚೀಟಿ ಬರೆಸಿಕೊಂಡೇ ಒಯ್ಯುತ್ತಿದ್ದ. ಅಂದು ಮೊದಲ ಸಲ ನೀಲಿಯಲ್ಲಿ ಉಳಿದ ಒಂದು ಚಮಚವನ್ನು ಸಣ್ಣ ಶೀಶೆಗೆ ಬಗ್ಗಿಸಿಕೊಂಡು, 'ಚೆಲ್ಲಲಾಗಿದೆ' ಎಂದು ಬರೆದು, ಎಂದಿಗಿಂತ ದುಂಡಗೆ ಸಹಿ ಹಾಕಿದ. ಹೇಗಿದ್ದರೂ ಚರಂಡಿಗೆ ಹೋಗುವುದು ತಾನೇ, ಚರಂಡಿಗೇನು ಮರೆವಿನ ಕಾಯಿಲೆ ಇದೆಯೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಲೆಕ್ಕ ಮಾತ್ರ ಹೊಂದಲಿಲ್ಲ. ಇಲಿಯ ತೂಕ ಕಾಲು ಕಿಲೋ, ಅಕ್ಕನದು ನಲವತ್ತೈದು. ಅಂದರೆ ಅಕ್ಕ ಎಂದರೆ ನೂರ ಎಂಬತ್ತು ಇಲಿಗಳು. ಸಿಗುತ್ತಿದ್ದದ್ದು ಇಪ್ಪತ್ತು ಇಲಿಗಳ ಪಾಲು. ಇಲ್ಲದ್ದಕ್ಕಿಂತ ವಾಸಿ.

"ಏನ್ರೀ ಅದು?" ಎಂದಳು ಹೆಂಡತಿ.

"ಮದ್ದು. ಆಫೀಸಿಂದು."

"ಇಲಿ ಔಷಧಿನಾ? ಅಕ್ಕನಿಗಾ?" ಎಂದು ಅವಳು ಎದೆ ಮೇಲೆ ಕೈಯಿಟ್ಟುಕೊಂಡಳು. ಇಲಿಯನ್ನು ಕೊಲ್ಲುವ ಔಷಧಿಗೂ ಇಲಿಯನ್ನು ಬುದ್ಧಿವಂತ ಮಾಡುವ ಔಷಧಿಗೂ ಇರುವ ಅಂತರ ತಿಳಿಸಲು ಅವನಿಗೆ ಅರ್ಧ ಗಂಟೆ ಬೇಕಾಯಿತು. ಆಮೇಲೂ ಅವಳು ಮೊದಲ ಚಮಚವನ್ನು ಅವನಿಗೇ ಕುಡಿಸಿ, ರಾತ್ರಿಯಿಡೀ ಸಾಯಲಿಲ್ಲ ಎಂದು ನೋಡಿಕೊಂಡ ಮೇಲೆಯೇ ಒಪ್ಪಿದಳು.

ಮದ್ದು ಕೊಟ್ಟರೆ ಸಾಲದು, ಗುಣ ಅಳೆಯಬೇಕು ಎಂಬುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಬೆಳಿಗ್ಗೆ ಆರೂವರೆಗೆ ಅಕ್ಕನಿಗೆ ಒಂದು ಚಮಚ. ಸಂಜೆ ಐದಕ್ಕೆ ಮನೆಗೆ ಬಂದು ಮುಖ ತೊಳೆದು, ಟವೆಲ್ ಹೆಗಲಿಗೆ ಹಾಕಿ, ಅಕ್ಕನನ್ನು ಮೂಲೆ ಅಂಗಡಿಯ ತನಕ ಕರೆದೊಯ್ದು, ಅಂಗಡಿಯವಳ ಹತ್ತಿರ ಬಿಟ್ಟು ಬರುವುದು. ಐದು ನಿಮಿಷಕ್ಕೆ ಅಂಗಡಿಯವಳು ಅಕ್ಕನನ್ನು ಒಂಟಿಯಾಗಿ ಕಳಿಸುವಳು. ಅಷ್ಟರಲ್ಲಿ ಇವನು ಗೇಟಿನಲ್ಲಿ ನಿಂತು, ಸ್ಟೋರಿನಿಂದ ಚೀಟಿ ಬರೆಸಿ ತಂದ ಸ್ಟಾಪ್‌ವಾಚ್ ಒತ್ತುವನು. ಹಳೇ ನೋಟುಪುಸ್ತಕದ ಕೊನೆ ಹಾಳೆಯಲ್ಲಿ ಬರೆಯುವನು: ಮೊದಲ ದಿನ ನಾಲ್ಕು ನಿಮಿಷ ಹತ್ತು ಸೆಕೆಂಡು, ಎರಡು ತಪ್ಪು ಗೇಟು. ಹತ್ತನೇ ದಿನ ಮೂರು ನಿಮಿಷ, ಒಂದು ತಪ್ಪು ಗೇಟು. ಇಪ್ಪತ್ತನೇ ದಿನ ಎರಡು ನಿಮಿಷ ಐದು. ಮೂವತ್ತೆಂಟನೇ ದಿನ ಒಂದು ನಿಮಿಷ ಐವತ್ತು, ತಪ್ಪು ಗೇಟು ಇಲ್ಲ.

"ಮದ್ದು ಹತ್ತಿದೆ ಕಣ್ರೀ," ಎಂದಳು ಹೆಂಡತಿ. ಅವನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಕಿಟಕಿಯ ಮೇಲಿನ ಬೀಗಕ್ಕೆ ದೂಳು ಹಿಡಿಯಿತು. ಮೇಡಂಗೆ ಇಲಿಗಳ ಲೆಕ್ಕ ಮಾತ್ರ ಗೊತ್ತು, ಮನುಷ್ಯರ ಮೇಲಿನ ಪರೀಕ್ಷೆ ಆಗಲೇ ತನ್ನ ಬೀದಿಯಲ್ಲಿ ಮುಗಿದಿದೆ ಎಂದು ಅವನು ಒಳಗೊಳಗೇ ಬೀಗಿದ.

ಅಕ್ಕನಿಗೆ ಮದ್ದು ಶುರುವಾದ ನಲವತ್ತನೇ ದಿನ ಸಂಶೋಧನಾಲಯದಲ್ಲಿ ಲಕೋಟೆ ಒಡೆದರು. ಮೇಡಂ ಅಂದು ಇಸ್ತ್ರಿ ಮಾಡಿದ ಕೋಟು ತೊಟ್ಟಿದ್ದರು. ಫಲಿತಾಂಶದ ಭಾಷಣವೂ ಸಿದ್ಧವಾಗಿತ್ತು, ಬಣ್ಣದ ಹೆಸರಿನ ಜಾಗ ಮಾತ್ರ ಖಾಲಿ. ಚೀಟಿ ಬಿಡಿಸಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿಗಾಗಿ ಹಿಂದೆ ಕೈಯಾಡಿಸಿ ಕೂತರು.

"ಔಷಧಿ, ವಿಟಮಿನ್ ಎರಡೂ ಇರೋದು ಹಳದಿ," ಎಂದರು. "ನೀಲಿ ಬರೀ ಸಕ್ಕರೆ ನೀರು."

ಇಲಿಯಪ್ಪ ಬಾಗಿಲಲ್ಲೇ ನಿಂತಿದ್ದ. ಅಲ್ಲಿದ್ದವರ ಪೈಕಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಅವನೇ ಎಂದು ಯಾರಿಗೂ ಗೊತ್ತಿರಲಿಲ್ಲ.

ಕನ್ನಡಕದ ಹುಡುಗಿ ಎರಡು ದಿನ ಕೂತು ಏಳು ತಿಂಗಳ ಚಿತ್ರಗಳನ್ನೆಲ್ಲ ಮತ್ತೆ ನೋಡಿದಳು. ಮೂರನೇ ದಿನ ಮೇಡಂ ಅವನನ್ನು ಕರೆಸಿದರು. ಪರದೆಯ ಮೇಲೆ ದುಂಡನೆಯ ತೊಟ್ಟಿ, ಈಜುವ ಇಲಿ. ಚಿತ್ರದ ಅಂಚಿನಲ್ಲಿ, ಮಣೆಯ ನೇರಕ್ಕೆ, ಒಂದು ಚೌಕಳಿ ಟವೆಲ್.

"ಇದು ನೀಲಿ," ಎಂದಳು ಹುಡುಗಿ. ಇನ್ನೊಂದು ಹಾಕಿದಳು. "ಇದೂ ನೀಲಿ. ಇದು ಹಳದಿ, ಟವೆಲ್ ಇಲ್ಲ. ಇದು ಕೆಂಪು, ಟವೆಲ್ ಇಲ್ಲ. ನೀಲಿಗೆ ಮಾತ್ರ ದಿನಾ ಅಲ್ಲೇ ನಿಂತಿದ್ದೀರಿ ಇಲಿಯಪ್ಪ. ಸರದಿ ಬದಲಾಯಿಸ್ಲೇ ಇಲ್ಲ ನೀವು."

"ಬೆನ್ನು ನೋವು ಅಮ್ಮಾ," ಎಂದ ಅವನು.

"ಅವಕ್ಕೆ ಮಣೆ ಎಲ್ಲಿದೆ ಅಂತ ನೆನಪೇ ಇರ್ಲಿಲ್ಲ," ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ನೆನಪಿಗೆ ಮದ್ದೂ ಸಿಕ್ಕಿರ್ಲಿಲ್ಲ. ನೀವು ನಿಂತಿರೋ ಕಡೆ ಹೋದ್ರೆ ಒರೆಸಿ ಎತ್ಕೋತೀರಿ ಅಂತ ಅಷ್ಟೇ ಗೊತ್ತಿತ್ತು. ಏಳು ತಿಂಗಳು! ಹಳದಿ ಒಳ್ಳೇದೋ ಕೆಟ್ಟದ್ದೋ, ಒಂದೂ ಗೊತ್ತಾಗ್ಲಿಲ್ಲ." ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಇಲ್ಲಿ ಹೊಳೆಗೆ ಹಾಲಿನ ಪುಡಿ ಬೇರೆ ಕಲಸಿದ್ದರು.

ಅವನು ಮೇಡಂ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಕಣ್ಣು ಪರದೆಯ ಅಂಚಿನ ಟವೆಲಿನ ಮೇಲೆ ನೆಟ್ಟಿತ್ತು. ಅದೇ ಟವೆಲಿನ ಹಳೆಯ ಅಣ್ಣ ಈಗ ಮನೆಯ ಮೊಳೆಗೆ ನೇತುಬಿದ್ದಿತ್ತು.

ಆ ಸಂಜೆ ಅವನು ಅಕ್ಕನನ್ನು ಅಂಗಡಿಯಲ್ಲಿ ಬಿಟ್ಟು ಬಂದು, ಗೇಟು ದಾಟಿ ಒಳಗೆ ಹೋಗಿ, ಕಿಟಕಿಯ ಹಿಂದೆ ಕೂತ.

"ಏನ್ರೀ, ನಿಂತ್ಕೊಳ್ಳಲ್ವಾ?" ಎಂದಳು ಹೆಂಡತಿ.

"ಒಂದು ದಿನ. ನೋಡ್ಬೇಕು."

"ಅಕ್ಕ ಏನು ಇಲಿನಾ, ನೋಡೋಕೆ?"

ಅಕ್ಕ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಎಂದಿನ ನಡಿಗೆಯಲ್ಲೇ ಬಂದಳು. ಗೇಟುಗಳನ್ನು ಒಂದೊಂದಾಗಿ ನೋಡಿದಳು. ತಮ್ಮ ಗೇಟಿನ ಮುಂದೆ ಬಂದು ನಿಂತಳು. ಅಕ್ಕ ಗೇಟನ್ನು ನೋಡಿದಳು, ಅದರಾಚೆ ನೋಡಿದಳು, ಯಾರೂ ಇಲ್ಲದ್ದು ಕಂಡು ಮುಂದೆ ಹೋದಳು. ಪಕ್ಕದ ಗೇಟು, ಅದರ ಪಕ್ಕದ್ದು, ಬೀದಿಯ ಆ ತುದಿ. ಅಲ್ಲಿಂದಾಚೆ ಬಸ್ಸುಗಳು ಓಡಾಡುವ ದೊಡ್ಡ ರಸ್ತೆ.

ಇಲಿಯಪ್ಪ ಬರಿಗಾಲಲ್ಲಿ ಓಡಿದ. ಹೆಂಡತಿ ಮೊಳೆಯಿಂದ ಟವೆಲ್ ಕಿತ್ತುಕೊಂಡು ಹಿಂದೆ ಓಡಿದಳು. ರಸ್ತೆಯ ಅಂಚಿನಲ್ಲಿ ಅಕ್ಕ ನಿಂತು, ಹೋಗುವ ಬಸ್ಸುಗಳ ನಂಬರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವನು ಎದುರಿಗೆ ಹೋಗಿ ನಿಂತ. ಅವಳು ಅವನ ಮುಖ ನೋಡಿದಳು, ಗುರುತು ಹತ್ತಲಿಲ್ಲ. ಹೆಂಡತಿ ಹಿಂದಿನಿಂದ ಟವೆಲನ್ನು ಅವನ ಹೆಗಲಿಗೆ ಎಸೆದಳು. ಆಗ ಅಕ್ಕನಿಗೆ ಸಿಟ್ಟು ಬಂತು.

"ಎಲ್ಲಿ ಹೋಗಿದ್ದೆ? ಅಲ್ಲಿ ನಿಂತಿರ್ತೀಯ ಅಂತ ತಾನೇ ನಾನು ಬರೋದು? ನೀನು ನಿಂತ್ಕೊಳ್ದೆ ಹೋದ್ರೆ ಮನೆ ಯಾವ್ದು ಅಂತ ಹ್ಯಾಗೆ ಗೊತ್ತಾಗ್ಬೇಕು?"

ಮರುದಿನ ಬೆಳಿಗ್ಗೆ ಅವನು ನೋಟುಪುಸ್ತಕವನ್ನು ಮೇಡಂ ಮೇಜಿನ ಮೇಲಿಟ್ಟು, ಕದ್ದ ಚಮಚ, ಹಾಕಿದ ಸುಳ್ಳು ಸಹಿ, ಎಲ್ಲವನ್ನೂ ಒಪ್ಪಿಕೊಂಡ. ನಲವತ್ತು ಚಮಚ ಸಕ್ಕರೆ ನೀರು ಕದ್ದದ್ದಕ್ಕೆ ಯಾವ ಕಲಮಿನಲ್ಲಿ ಶಿಕ್ಷೆ ಬರೆಯುವುದು?

"ಬೇರೆ ಬಾಟಲಿ ಆಗಿದ್ರೆ? ಸ್ವಂತ ಅಕ್ಕನಿಗೆ ಕೊಟ್ಟಿದ್ದೀರಿ!" ಎಂದು ಮೇಡಂ ಒಂದು ಸಲ ಗದರಿದರು. ಆಮೇಲೆ ಪುಸ್ತಕ ಎಳೆದುಕೊಂಡು, ಬೆರಳಿಟ್ಟು ಓದಿದರು. ಓದುತ್ತಾ ಓದುತ್ತಾ ಅವರೊಳಗಿನ ಸಂಶೋಧಕಿ ಎದ್ದು ಕೂತಳು. "ಚೆನ್ನಾಗಿ ಬರೆದಿದ್ದೀರಿ. ನೀವು ನಿಲ್ಲದ ದಿನ ಎಷ್ಟು ನಿಮಿಷ ಆಯ್ತು? ಅದು ಬರೆದೇ ಇಲ್ಲ?"

"ಆ ದಿನ ವಾಚು ನೋಡ್ಲಿಲ್ಲ ಮೇಡಂ. ಓಡಿದೆ."

ಮೇಡಂ ಪುಸ್ತಕ ಮುಚ್ಚಿ ಅವನ ಕಡೆ ತಳ್ಳಿದರು.

ಪರೀಕ್ಷೆ ಮೊದಲಿನಿಂದ ಶುರುವಾಯಿತು. ತೊಟ್ಟಿಯ ಸುತ್ತ ಬಿಳಿ ಪರದೆ ಕಟ್ಟಿದರು. ಇಲಿಯಪ್ಪ ಯಾವ ಇಲಿಯ ಕಣ್ಣಿಗೂ ಬೀಳಕೂಡದು, ಟವೆಲ್ ಕೋಣೆಯೊಳಗೆ ಬರಕೂಡದು ಎಂದು ಲಿಖಿತ ಆದೇಶ ಬಂತು. ಹೊಸ ವೇಳಾಪಟ್ಟಿಯಲ್ಲಿ ಕೆಲಸ ಸಂಜೆ ಆರರವರೆಗೆ. ಅವನು ಮೇಡಂ ಹತ್ತಿರ ಹೋಗಿ, ನಾಲ್ಕೂವರೆಗೆ ಬಿಡಬೇಕು, ಬದಲಿಗೆ ಬೆಳಿಗ್ಗೆ ಬೇಗ ಬರುತ್ತೇನೆ ಎಂದ.

"ಸಂಜೆ ಅಂಥಾದ್ದೇನು ಕೆಲಸ?"

"ನಿಂತ್ಕೊಳ್ಳೋ ಕೆಲಸ ಮೇಡಂ."

ಮೇಡಂ ಪೆನ್ನು ತೆಗೆದು ಸಹಿ ಹಾಕಿದರು. ಗುಮಾಸ್ತ ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ಕೌಟುಂಬಿಕ' ಎಂದು ಬರೆದುಕೊಂಡ.

ಕಿಟಕಿಯ ಮೇಲಿದ್ದ ಬೀಗವನ್ನು ಹೆಂಡತಿ ಪಕ್ಕದ ಮನೆಯವಳ ಸೈಕಲ್ಲಿಗೆ ಕೊಟ್ಟುಬಿಟ್ಟಳು. ಹಗಲಿನಲ್ಲಿ ಅವಳು ಟವೆಲನ್ನು ಗೇಟಿಗೆ ಕಟ್ಟಿಡುತ್ತಾಳೆ. ಐದು ಗಂಟೆಗೆ ಅದು ಅವನ ಹೆಗಲಿಗೆ ಬರುತ್ತದೆ. ಮದ್ದಿಲ್ಲದ ಕಾಯಿಲೆ, ದಿನದಿನಕ್ಕೆ ಹೆಚ್ಚುತ್ತಲೇ ಇದೆ. ಅಕ್ಕನಿಗೆ ಈಗ ಅವನ ಹೆಸರು ಗೊತ್ತಿಲ್ಲ. ಅವನನ್ನು ಆ ಹೆಸರಿನಿಂದ ಕರೆಯುತ್ತಿದ್ದ ಕೊನೆಯವಳು ಅವಳೇ ಆಗಿದ್ದಳು. ಅವನು ಸ್ಟಾಪ್‌ವಾಚನ್ನು ಸ್ಟೋರಿಗೆ ಹಿಂದಿರುಗಿಸಿದ್ದಾನೆ.

ಸಂಜೆ ತಿರುವಿನಲ್ಲಿ ಅಕ್ಕ ಕಾಣಿಸಿಕೊಳ್ಳುತ್ತಾಳೆ. ಅವನು ಟವೆಲ್ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾನೆ. ಅವಳು ಅತ್ತಿತ್ತ ನೋಡದೆ ನೇರ ಬಂದು, ಬಾಗಿದ ಬೆನ್ನಿನ ಮುದುಕನ ಕೆನ್ನೆ ಮುಟ್ಟಿ, ಬಂದವನು ಅವನೇ ಎಂಬಂತೆ ಕೇಳುತ್ತಾಳೆ:

"ಬಂದ್ಯಾ? ಶಾಲೆ ಬಿಟ್ಟು ಎಷ್ಟು ಹೊತ್ತಾಯ್ತು! ಕಾಲುವೆ ಕಡೆ ಹೋಗಿರ್ಲಿಲ್ಲ ತಾನೇ?"

"ಇಲ್ಲ ಅಕ್ಕ, ನೇರ ಇಲ್ಲಿಗೇ ಬಂದೆ," ಎಂದು ಅವನು ಗೇಟು ತೆಗೆಯುತ್ತಾನೆ.